ಅರ್ಧ ಮುಚ್ಚಿದ ಮಸೂರ: ಪೀನ ಮಸೂರದ ಪಾಠದಲ್ಲಿ ಕಿರಣಚಿತ್ರದ ಜಾಗ ಯಾವುದು?

ಅಭ್ಯಾಸ ಬೋಧನೆಯ ಎರಡನೆಯ ವಾರ, ಹತ್ತನೆಯ ತರಗತಿ, ಊಟದ ನಂತರದ ಮೊದಲ ಅವಧಿ. ಕಲಿಕಾಂಶ: ಪೀನ ಮಸೂರದಿಂದ ಪ್ರತಿಬಿಂಬ ಉಂಟಾಗುವಿಕೆ. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದ ನನಗೆ ಪ್ರಶಿಕ್ಷಣಾರ್ಥಿನಿಯ ಸಿದ್ಧತೆಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಪೀಠಿಕೆಗೆಂದು ಅವರು ಒಂದು ಹಿಡಿ ಚನ್ನಂಗಿ ಕಾಳು ತಂದಿದ್ದರು. ಎರಡೂ ಬದಿ ಉಬ್ಬಿ ಅಂಚಿನಲ್ಲಿ ತೆಳುವಾಗುವ ಆ ಕಾಳನ್ನು ಮಕ್ಕಳು ಬೆರಳಲ್ಲಿ ಹಿಡಿದು ನೋಡಿದರು. ಚನ್ನಂಗಿಗೆ ಸಂಸ್ಕೃತದಲ್ಲಿ ಮಸೂರ ಎನ್ನುತ್ತಾರೆ, ಲ್ಯಾಟಿನ್ ಭಾಷೆಯಲ್ಲಿ ‘ಲೆನ್ಸ್’ ಎಂದರೂ ಇದೇ ಕಾಳು ಎಂದು ಹೇಳಿ ಪಾಠದ ಹೆಸರನ್ನು ಹಲಗೆಯ ಮೇಲೆ ಬರೆದರು. ಆರಂಭ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಪಾಠ ನಾವೆಲ್ಲ ಬಲ್ಲ ದಾರಿಯಲ್ಲೇ ನಡೆಯಿತು. ಪ್ರಧಾನಾಕ್ಷ, ದೃಕ್‌ಕೇಂದ್ರ, ಪ್ರಧಾನ ಸಂಗಮ, ಸಂಗಮದೂರ. ಮೂರು ನಿಯಮಗಳು: ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಆಚೆಯ ಸಂಗಮದ ಮೂಲಕ ಹೋಗುತ್ತದೆ, ದೃಕ್‌ಕೇಂದ್ರದ ಮೂಲಕ ಬಂದದ್ದು ದಿಕ್ಕು ಬದಲಿಸದೆ ಸಾಗುತ್ತದೆ, ಈಚೆಯ ಸಂಗಮದ ಮೂಲಕ ಬಂದದ್ದು ಸಮಾಂತರವಾಗಿ ಹೊರಬೀಳುತ್ತದೆ. ಹಲಗೆಯ ಮೇಲೆ ಬಾಣ, ಬಾಣದ ತುದಿಯಿಂದ ಎರಡು ಕಿರಣ, ಅವು ಕೂಡುವಲ್ಲಿ ತಲೆಕೆಳಗಾದ ಬಾಣ. ಬಣ್ಣದ ಸೀಮೆಸುಣ್ಣ, ಅಳತೆಪಟ್ಟಿ, ಅಚ್ಚುಕಟ್ಟಾದ ಚಿತ್ರ. ನಾನು ‘ಕಪ್ಪುಹಲಗೆಯ ಬಳಕೆ: ಅತ್ಯುತ್ತಮ’ ಎಂದು ಬರೆದುಕೊಂಡೆ.

ಮೌಲ್ಯಮಾಪನಕ್ಕೆ ಅವರು ಅಧ್ಯಾಯದ ಕೊನೆಯ ಅಭ್ಯಾಸದಿಂದಲೇ ಒಂದು ಪ್ರಶ್ನೆ ಆರಿಸಿಕೊಂಡಿದ್ದರು. ಪೀನ ಮಸೂರದ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ವಸ್ತುವಿನ ಪೂರ್ಣ ಪ್ರತಿಬಿಂಬ ಸಿಗುತ್ತದೆಯೇ? ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಪೂರ್ಣ ಪ್ರತಿಬಿಂಬ ಉಂಟಾಗುತ್ತದೆ, ಆದರೆ ಪ್ರಕಾಶ ಕಡಿಮೆಯಾಗುತ್ತದೆ ಎಂದು ತಡವರಿಸದೆ ಹೇಳಿದಳು. ಸರಿಯಾದ ಉತ್ತರ. ಆಗ ಕಿಟಕಿಯ ಪಕ್ಕದ ಹುಡುಗ ಕೇಳಿದ: “ಅದ್ಹೆಂಗೆ ಮಿಸ್? ನೀವೇ ಬರೆದಿದ್ದೀರಲ್ಲ, ಬಾಣದ ತುದಿಯಿಂದ ಬಂದ ಕಿರಣ ಮಸೂರದ ಮೇಲ್ಗಡೆಯಿಂದ ಹೋಗಿದೆ. ಮೇಲ್ಗಡೆ ಮುಚ್ಚಿಬಿಟ್ರೆ ಬಾಣದ ತುದಿ ಕಾಣಬಾರದಲ್ವಾ?”

ಪ್ರಶಿಕ್ಷಣಾರ್ಥಿನಿ ಸರಿಯಾದದ್ದನ್ನೇ ಮಾಡಿದರು. “ಮಾಡಿ ನೋಡೋಣ” ಎಂದರು. ಮೇಜಿನ ಮೇಲೆ 10 ಸೆಂ.ಮೀ. ಸಂಗಮದೂರದ ಮಸೂರ, 30 ಸೆಂ.ಮೀ. ದೂರದಲ್ಲಿ ಮೇಣದಬತ್ತಿ, ಆಚೆ 15 ಸೆಂ.ಮೀ. ದೂರದಲ್ಲಿ ಬಿಳಿಯ ರಟ್ಟಿನ ಪರದೆ ಮೊದಲೇ ಸಿದ್ಧವಿದ್ದವು. ಅವರು ಒಂದು ಪೋಸ್ಟ್ ಕಾರ್ಡನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಹಿಡಿದರು. ಮಸೂರದ ಹತ್ತಿರ ಕೈ ತಂದರೆ ಮಕ್ಕಳಿಗೆ ಮರೆಯಾಗುತ್ತದೆಂದು ಯೋಚಿಸಿ ಕಾರ್ಡನ್ನು ಮೇಣದಬತ್ತಿಯ ಕಡೆಗೆ, ಜ್ವಾಲೆಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದರು. ಪರದೆಯ ಮೇಲಿನ ಜ್ವಾಲೆಯ ಮೇಲರ್ಧ ಮಾಯವಾಯಿತು.

ತರಗತಿ ಚಪ್ಪಾಳೆ ತಟ್ಟಿತು. ಹುಡುಗ ಗೆದ್ದವನಂತೆ ಕುಳಿತ. ಪ್ರಶಿಕ್ಷಣಾರ್ಥಿನಿ ಒಮ್ಮೆ ನನ್ನ ಕಡೆ ನೋಡಿದರು. ಅವಧಿಯ ನಡುವೆ ಬಾಯಿ ಹಾಕಬಾರದೆಂಬ ನಮ್ಮ ಪದ್ಧತಿಯನ್ನು ನೆನೆದು ನಾನು ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಬರೆಯುವವನಂತೆ ಮಾಡಿದೆ. ಗಂಟೆ ಹೊಡೆಯಿತು. ಹೊರಗೆ ಹೋಗುವಾಗ ಕಂಡದ್ದು ಇದು: ಸರಿ ಉತ್ತರ ಹೇಳಿದ್ದ ಹುಡುಗಿ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ ಸಾಲನ್ನು ರಬ್ಬರಿನಿಂದ ಉಜ್ಜಿ ಅಳಿಸುತ್ತಿದ್ದಳು.

ತಪ್ಪು ಎಲ್ಲಿದೆ ಎಂದು ಸಂಜೆ ನಾವಿಬ್ಬರೂ ಕುಳಿತು ನೋಡಿದೆವು. ಕಾರ್ಡ್ ಇದ್ದ ಜಾಗದ ತಪ್ಪು ಎರಡೇ ನಿಮಿಷದಲ್ಲಿ ಸಿಕ್ಕಿತು. ಕಾರ್ಡನ್ನು ಮಸೂರಕ್ಕೆ ಅಂಟಿಸಿದಂತೆ ಹಿಡಿದರೆ ಪ್ರತಿಬಿಂಬ ಪೂರ್ತಿಯಾಗಿಯೇ ಉಳಿದು ಮಬ್ಬಾಗುತ್ತದೆ. ಜ್ವಾಲೆಯ ಹತ್ತಿರ ಹಿಡಿದರೆ ನಾವು ಮುಚ್ಚಿದ್ದು ಮಸೂರವನ್ನಲ್ಲ, ವಸ್ತುವನ್ನು. ಜ್ವಾಲೆಯ ಕೆಳಭಾಗದ ಬೆಳಕು ಮಸೂರವನ್ನು ಮುಟ್ಟಲೇ ಇಲ್ಲ. ಪ್ರತಿಬಿಂಬ ತಲೆಕೆಳಗಾಗಿರುವುದರಿಂದ ಪರದೆಯಲ್ಲಿ ಅದರ ಮೇಲರ್ಧ ಹೋಯಿತು. ಪರದೆಯ ಹತ್ತಿರ ಹಿಡಿದರೂ ಹೀಗೆಯೇ ಆಗುತ್ತದೆ, ಅಲ್ಲಿ ಕಾರ್ಡಿನ ನೆರಳೇ ಪರದೆಯ ಮೇಲೆ ಬೀಳುತ್ತದೆ. ಈ ಪ್ರಯೋಗ ಮಾಡುವವರು ನೆನಪಿಡಬೇಕಾದ ಮೊದಲ ಮಾತು ಇದೇ.

ಆದರೆ ಆ ಹುಡುಗನ ಪ್ರಶ್ನೆ ಕಾರ್ಡಿನಿಂದ ಹುಟ್ಟಿದ್ದಲ್ಲ. ಅದು ಹಲಗೆಯ ಮೇಲಿನ ಅಚ್ಚುಕಟ್ಟಾದ ಚಿತ್ರದಿಂದ ಹುಟ್ಟಿತ್ತು. ಹಲಗೆಯ ಮೇಲೆ ಬಾಣದ ತುದಿಗೆ ಎರಡು ಕಿರಣಗಳಿವೆ. ಮೇಲಿನದನ್ನು ತಡೆದರೆ ಒಂದೇ ಉಳಿಯುತ್ತದೆ, ಒಂದು ಕಿರಣಕ್ಕೆ ಕೂಡಲು ಜೊತೆಯಿಲ್ಲ. ಆದ್ದರಿಂದ ತುದಿಯ ಪ್ರತಿಬಿಂಬವಿಲ್ಲ. ಚಿತ್ರವನ್ನೇ ನಂಬಿದ ಮಗುವಿಗೆ ಇದಕ್ಕಿಂತ ಒಳ್ಳೆಯ ತರ್ಕ ಬೇಕೆ? ಹುಡುಗಿ ಹೇಳಿದ್ದು ಸರಿ, ಆದರೆ ಅವಳಲ್ಲಿ ಕಾರಣವಿರಲಿಲ್ಲ. ಗೈಡಿನ ಒಂದು ಸಾಲು ಮಾತ್ರ ಇತ್ತು. ಅದಕ್ಕೇ ಒಂದು ಕಾರ್ಡಿನ ಮುಂದೆ ಅದು ನಿಲ್ಲಲಿಲ್ಲ. ಹುಡುಗನಲ್ಲಿ ಕಾರಣವಿತ್ತು, ಉತ್ತರ ತಪ್ಪಾಗಿತ್ತು. ಇಬ್ಬರಲ್ಲಿ ಯಾರು ಹೆಚ್ಚು ಕಲಿತಿದ್ದರು ಎಂದು ಕೇಳಿದರೆ ಅಂಕಪಟ್ಟಿ ಒಂದು ಹೇಳುತ್ತದೆ, ನನ್ನ ಮನಸ್ಸು ಇನ್ನೊಂದು.

ಈ ತೊಡಕು ನಮ್ಮ ಶಾಲೆಗಳದು ಮಾತ್ರವಲ್ಲ. ಅಮೆರಿಕದಲ್ಲಿ ಫ್ರೆಡ್ ಗೋಲ್ಡ್‌ಬರ್ಗ್ ಮತ್ತು ಲಿಲಿಯನ್ ಮ್ಯಾಕ್‌ಡರ್ಮಟ್ ಎಂಬ ಭೌತಶಾಸ್ತ್ರ ಶಿಕ್ಷಣದ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕೇಳಿದ್ದು ಇಂಥವೇ ಪ್ರಶ್ನೆಗಳನ್ನು. ಅರ್ಧ ಮಸೂರ ಮುಚ್ಚಿದರೆ ಏನಾಗುತ್ತದೆ? ಮಸೂರವನ್ನೇ ತೆಗೆದುಬಿಟ್ಟರೆ? ಪರದೆಯನ್ನು ಸರಿಸಿದರೆ? ಬೆಳಕಿನ ಪಾಠ ಮುಗಿಸಿದ್ದ ಹಲವರೂ ಅರ್ಧ ಪ್ರತಿಬಿಂಬ ಹೋಗುತ್ತದೆ ಎಂದೇ ಹೇಳಿದರು. ಮಸೂರ ತೆಗೆದರೆ ಪ್ರತಿಬಿಂಬ ನೆಟ್ಟಗಾಗಿ ಪರದೆಯ ಮೇಲೆ ಉಳಿಯುತ್ತದೆ ಎಂದವರೂ ಇದ್ದರು. ಅವರ ಮನಸ್ಸಿನಲ್ಲಿ ಪ್ರತಿಬಿಂಬವೆಂದರೆ ವಸ್ತುವಿನಿಂದ ಹೊರಟು ಇಡಿಯಾಗಿ ಪ್ರಯಾಣ ಮಾಡುವ ಒಂದು ಪಟ. ಮಸೂರದ ಕೆಲಸ ಅದನ್ನು ದಾರಿಯಲ್ಲಿ ಮಗುಚುವುದು. ನಮ್ಮ ಮಕ್ಕಳ ಮನಸ್ಸಿನಲ್ಲಿರುವುದೂ ಇದೇ ಪಟ ಎಂದು ನನ್ನ ಅನುಭವ. ನಾವು ಬರೆಯುವ ಎರಡು ಗೆರೆ ಆ ಪಟವನ್ನು ಒಡೆಯುವುದಿಲ್ಲ, ಅದಕ್ಕೆ ಎರಡು ದಾರ ಕಟ್ಟಿ ಎಳೆಯುತ್ತದೆ ಅಷ್ಟೆ.

ಮಸೂರ ನಿಜವಾಗಿ ಮಾಡುವುದೇನು?

ಪಾಠ ಮಾಡುವವರಿಗೆ ಮೊದಲು ಇದು ಸ್ಪಷ್ಟವಾಗಿರಬೇಕು. ಉರಿಯುವ ಅಥವಾ ಬೆಳಕು ಬಿದ್ದ ವಸ್ತುವಿನ ಪ್ರತಿಯೊಂದು ಬಿಂದುವೂ ಎಲ್ಲ ದಿಕ್ಕಿಗೂ ಬೆಳಕನ್ನು ಕಳಿಸುತ್ತದೆ. ಅದರಲ್ಲಿ ಮಸೂರದ ಮುಖಕ್ಕೆ ಬಿದ್ದಷ್ಟು ಭಾಗ ಒಂದು ಶಂಕುವಿನ ಆಕಾರದಲ್ಲಿರುತ್ತದೆ: ತುದಿ ಆ ಬಿಂದುವಿನಲ್ಲಿ, ಬುಡ ಮಸೂರದ ಇಡೀ ಮುಖದ ಮೇಲೆ. ಮಸೂರ ಆ ಹರಡುವ ಶಂಕುವನ್ನು ಕಿರಿದಾಗುವ ಇನ್ನೊಂದು ಶಂಕುವಾಗಿ ಬದಲಿಸಿ ಆಚೆ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಪಕ್ಕದ ಬಿಂದುವಿನ ಶಂಕು ಪಕ್ಕದಲ್ಲಿ ಕೂಡುತ್ತದೆ. ಇಂಥ ಲೆಕ್ಕವಿಲ್ಲದಷ್ಟು ಬಿಂದುಗಳು ಸೇರಿದ್ದೇ ಪ್ರತಿಬಿಂಬ. ಹಾಗಾಗಿ ಪ್ರತಿಬಿಂಬದ ಒಂದೊಂದು ಬಿಂದುವಿಗೂ ಮಸೂರದ ಎಲ್ಲ ಭಾಗದಿಂದಲೂ ಬೆಳಕು ಬರುತ್ತದೆ. ಮಸೂರದ ಮೇಲರ್ಧ ಜ್ವಾಲೆಯ ಮೇಲರ್ಧಕ್ಕೆ ಮೀಸಲಲ್ಲ.

ಹರಡುವ ಕಿರಣಗಳು ಒಂದೇ ಕಡೆ ಕೂಡುವುದು ಹೇಗೆ? ಗಾಜಿನಲ್ಲಿ ಬೆಳಕು ನಿಧಾನ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವ ಬೆಳಕು 1.5 ವಕ್ರೀಭವನ ಸೂಚ್ಯಂಕದ ಗಾಜಿನಲ್ಲಿ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ವೇಗ ಬದಲಾಗುವ ಗಡಿಯಲ್ಲಿ ಓರೆಯಾಗಿ ಬಂದ ಕಿರಣ ಬಾಗುತ್ತದೆ. ಮಸೂರದ ನಡುವೆ ಎರಡು ಮುಖಗಳೂ ಹೆಚ್ಚುಕಡಿಮೆ ಸಮಾಂತರ, ಗಾಜಿನ ಚಪ್ಪಡಿಯಂತೆ. ಅಲ್ಲಿ ಹೊಕ್ಕ ಕಿರಣದ ದಿಕ್ಕು ಬದಲಾಗುವುದಿಲ್ಲ. ಅಂಚಿನ ಕಡೆ ಹೋದಂತೆಲ್ಲ ಎರಡು ಮುಖಗಳ ನಡುವಿನ ಕೋನ ಹೆಚ್ಚುತ್ತದೆ, ಪಟ್ಟಕದಂತೆ. ಅಲ್ಲಿ ಕಿರಣ ದಪ್ಪ ಭಾಗದ ಕಡೆಗೆ, ಅಂದರೆ ಅಕ್ಷದ ಕಡೆಗೆ, ಹೆಚ್ಚು ಬಾಗುತ್ತದೆ. ಅಕ್ಷದಿಂದ ಎಷ್ಟು ದೂರವೋ ಅಷ್ಟು ಹೆಚ್ಚು ಬಾಗು. ಅದರಿಂದಲೇ ದೂರದ ಕಿರಣವೂ ಹತ್ತಿರದ ಕಿರಣವೂ ಒಂದೇ ಕಡೆ ಬಂದು ಸೇರುತ್ತವೆ. ನಮ್ಮ ಪಠ್ಯದಲ್ಲಿ ಪಟ್ಟಕ ಬರುವುದು ಮಾನವನ ಕಣ್ಣನ್ನು ಕುರಿತ ಮುಂದಿನ ಅಧ್ಯಾಯದಲ್ಲಿ. ಆದರೂ ಮಸೂರಕ್ಕೆ ಮೊದಲು ಐದು ನಿಮಿಷ ಪಟ್ಟಕವನ್ನು ಕೈಗೆ ಕೊಡಿ ಎಂದೇ ನನ್ನ ಸಲಹೆ. ಬಾಗುವುದು ಮುಖಗಳಲ್ಲಿ ಎಂಬುದು ಆಗ ಕಾಣುತ್ತದೆ. ಹಲಗೆಯಲ್ಲಿ ನಾವು ಮಸೂರದ ನಟ್ಟನಡುವಿನ ಗೆರೆಯಲ್ಲಿ ಕಿರಣವನ್ನು ಮುರಿದು ಬರೆಯುತ್ತೇವೆ, ಅದು ತೆಳು ಮಸೂರಕ್ಕೆ ಮಾಡಿಕೊಂಡ ಅನುಕೂಲ. ಹೇಳದಿದ್ದರೆ ಮಕ್ಕಳು ಗಾಜಿನ ಹೊಟ್ಟೆಯೊಳಗೆ ಏನೋ ಇದೆ ಎಂದುಕೊಳ್ಳುತ್ತಾರೆ.

ಬಾಗುವಿಕೆ ಗಾಜಿನೊಂದರ ಗುಣವಲ್ಲ, ಗಾಜಿಗೂ ಸುತ್ತಲಿನ ಮಾಧ್ಯಮಕ್ಕೂ ಇರುವ ವ್ಯತ್ಯಾಸದ ಫಲ. ಭೂತಗನ್ನಡಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ತಳದಲ್ಲಿಟ್ಟ ನಾಣ್ಯ ನೋಡಿದರೆ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. 1.5 ಸೂಚ್ಯಂಕದ ಗಾಜಿನ ಮಸೂರದ ಸಂಗಮದೂರ ನೀರಿನಲ್ಲಿ ಸುಮಾರು ನಾಲ್ಕು ಪಟ್ಟು ಆಗುತ್ತದೆ.

ಇಲ್ಲಿ ಸ್ವಲ್ಪ ಚರಿತ್ರೆ. ವಸ್ತುವಿನ ಪ್ರತಿ ಬಿಂದುವಿನಿಂದ ಎಲ್ಲ ದಿಕ್ಕಿಗೂ ಬೆಳಕು ಹೊರಡುತ್ತದೆ ಎಂದು 11ನೆಯ ಶತಮಾನದಲ್ಲೇ ಇಬ್ನ್ ಅಲ್ ಹೈಥಮ್ ವಿವರಿಸಿದ್ದ. ಆದರೆ ಹೀಗೆ ಎಲ್ಲ ಬಿಂದುಗಳ ಬೆಳಕೂ ಕಣ್ಣಿನ ಎಲ್ಲ ಭಾಗಕ್ಕೂ ಬಿದ್ದರೆ ಗೊಂದಲವಾಗದೆ ಸ್ಪಷ್ಟವಾಗಿ ಕಾಣುವುದು ಹೇಗೆ? ಅದಕ್ಕಾಗಿ ಅವನು ಕಣ್ಣಿನ ಮೇಲ್ಮೈಗೆ ಲಂಬವಾಗಿ ಬಿದ್ದ ಒಂದು ಕಿರಣವನ್ನೇ ಮುಖ್ಯವಾಗಿ ಇಟ್ಟುಕೊಂಡ. ಬಿಂದುವಿನಿಂದ ಹರಡಿದ ಇಡೀ ಶಂಕುವೇ ಬಾಗಿ ಅಕ್ಷಿಪಟದ ಒಂದು ಬಿಂದುವಿನಲ್ಲಿ ಮತ್ತೆ ಕೂಡುತ್ತದೆ ಎಂದು ಕೆಪ್ಲರ್ ತೋರಿಸಿದ್ದು 1604ರಲ್ಲಿ. ಬಿಂದುವಿಗೊಂದು ಕಿರಣ ಎಂಬ ಕಲ್ಪನೆಯಿಂದ ಬಿಂದುವಿಗೊಂದು ಶಂಕು ಎಂಬ ಕಲ್ಪನೆಗೆ ಬರಲು ಅಂಥವರಿಗೇ ಅಷ್ಟು ಶತಮಾನ ಬೇಕಾಯಿತು. ನಮ್ಮ ಹುಡುಗ ಒಂದು ಅವಧಿಯಲ್ಲಿ ಎಡವಿದ್ದರಲ್ಲಿ ಆಶ್ಚರ್ಯವೇನು!

ಮರುಪಾಠ

ಮುಖ್ಯೋಪಾಧ್ಯಾಯರನ್ನು ಕೇಳಿ ಮತ್ತೆರಡು ಅವಧಿ ಪಡೆದೆವು. ಪಾಠಯೋಜನೆಯನ್ನು ಪ್ರಶಿಕ್ಷಣಾರ್ಥಿನಿಯೇ ಹೊಸದಾಗಿ ಬರೆದರು. ನಾನು ಕೇಳಿಕೊಂಡದ್ದು ಒಂದೇ: ಮೊದಲ ಅವಧಿಯಲ್ಲಿ ಹಲಗೆಯ ಮೇಲೆ ಕಿರಣ ಬರೆಯಬೇಡಿ.

ಕಿಟಕಿಯಿಂದ ಆರಂಭಿಸಿದರು. ಬಾಗಿಲು, ಇತರ ಕಿಟಕಿಗಳನ್ನು ಮುಚ್ಚಿ ಒಂದನ್ನು ಮಾತ್ರ ತೆರೆದಿಟ್ಟು, ಎದುರಿನ ಗೋಡೆಗೆ ಬಿಳಿ ಹಾಳೆ ಅಂಟಿಸಿ, ಹಾಳೆಯಿಂದ 10 ಸೆಂ.ಮೀ. ಮುಂದೆ ಮಸೂರ ಹಿಡಿದರು. ಹಾಳೆಯ ಮೇಲೆ ಕಿಟಕಿ, ಅದರಾಚೆಯ ತೆಂಗಿನ ಮರ, ಸೈಕಲ್ ಸ್ಟ್ಯಾಂಡು, ಎಲ್ಲ ತಲೆಕೆಳಗಾಗಿ, ಬಣ್ಣಬಣ್ಣವಾಗಿ ಬಿದ್ದವು. ಹೊರಗೆ ಯಾರೋ ನಡೆದುಹೋದದ್ದು ಹಾಳೆಯ ಮೇಲೂ ಕಾಲು ಮೇಲಾಗಿ ನಡೆದುಹೋಯಿತು. ಮಕ್ಕಳು ಬೆಂಚು ಬಿಟ್ಟು ಬಂದು ಮುತ್ತಿದರು; ತರಗತಿ ನಿರ್ವಹಣೆಯ ಕಲಮಿನಲ್ಲಿ ನಾನು ಏನೂ ಬರೆಯಲಿಲ್ಲ. ಹತ್ತು ನಿಮಿಷ ಹಾಗೆಯೇ ಬಿಟ್ಟೆವು.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೂ ಹೊಸದು. “ತೆಂಗಿನ ಮರದ ತುದಿ ಹಾಳೆ ಮೇಲೆ ಕಾಣ್ತಿದೆ. ಆ ತುದಿಯಿಂದ ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಹೊರಟ ಕಿರಣ ನಮ್ಮ ಮಸೂರಕ್ಕೆ ಬೀಳುತ್ತಾ?” ಮಕ್ಕಳು ಯೋಚಿಸಿದರು. ಮಸೂರ 5 ಸೆಂ.ಮೀ. ಅಗಲ, ನೆಲದಿಂದ ಎದೆಯ ಎತ್ತರದಲ್ಲಿದೆ. ಮರದ ತುದಿಯಿಂದ ನೆಲಕ್ಕೆ ಸಮಾಂತರವಾಗಿ ಹೊರಟ ಕಿರಣ ಹೆಂಚಿನ ಮೇಲೆ ಹಾದುಹೋಗುತ್ತದೆ. ಅಂದರೆ ನಿನ್ನೆ ಹಲಗೆಯ ಮೇಲೆ ಪ್ರತಿಬಿಂಬ ‘ಉಂಟುಮಾಡಿದ’ ಮೊದಲನೆಯ ಕಿರಣ ಇಲ್ಲಿ ಮಸೂರವನ್ನು ಮುಟ್ಟಿಯೇ ಇಲ್ಲ, ಆದರೂ ತುದಿ ಕಾಣುತ್ತಿದೆ. ಕಿಟಕಿಯ ಪಕ್ಕದ ಹುಡುಗ ಹಾಳೆಯನ್ನೂ ಮರವನ್ನೂ ಎರಡೆರಡು ಸಲ ನೋಡಿದ. “ಹಂಗಾದ್ರೆ ಬೇರೆ ಕಿರಣ ಬಂದಿರಬೇಕು” ಎಂದ. ಇಡೀ ಪಾಠದ ತಿರುವು ಆ ಮಾತು. ಅದನ್ನು ಶಿಕ್ಷಕಿ ಹೇಳಬೇಕಾಗಿ ಬರಲಿಲ್ಲ.

ಮುಂದಿನ ಪ್ರಯೋಗದ ವಿವರ ಸ್ವಲ್ಪ ಹೆಚ್ಚಾಗಿಯೇ ಕೊಡುತ್ತೇನೆ, ಏಕೆಂದರೆ ಕಾಸು ಖರ್ಚಿಲ್ಲದೆ ಯಾವ ಶಾಲೆಯಲ್ಲಾದರೂ ಮಾಡಬಹುದು. ಮಸೂರದ ಅಳತೆಗೆ ಕಪ್ಪು ಕಾಗದದ ಬಿಲ್ಲೆ ಕತ್ತರಿಸಿ, ಕಡತಕ್ಕೆ ತೂತು ಹೊಡೆಯುವ ಪಂಚಿನಿಂದ ನಡುವಿನಿಂದ ಸುಮಾರು ಒಂದೂವರೆ ಸೆಂ.ಮೀ. ದೂರದಲ್ಲಿ ತ್ರಿಕೋನಾಕಾರವಾಗಿ ಮೂರು ತೂತು ಮಾಡಿ. ಮೇಲಿನ ತೂತಿಗೆ ಕೆಂಪು, ಕೆಳಗಿನ ಎರಡಕ್ಕೆ ಹಸಿರು ಮತ್ತು ನೀಲಿ ಪಾರದರ್ಶಕ ಹಾಳೆ ಅಂಟಿಸಿ. ಉಡುಗೊರೆಗೆ ಸುತ್ತುವ ಹಾಳೆ ಸಾಕು. ಬಿಲ್ಲೆಯನ್ನು ಮಸೂರದ ಮುಖಕ್ಕೆ ತಾಗಿಸಿ ಕೂರಿಸಿ. ಮೊಬೈಲ್ ಟಾರ್ಚಿಗೆ ಕಪ್ಪು ಟೇಪು ಹಚ್ಚಿ ಸೂಜಿಮೊನೆಗಿಂತ ತುಸು ದೊಡ್ಡ ಕಿಂಡಿ ಮಾಡಿದರೆ ಅದೇ ನಮ್ಮ ‘ಬಿಂದು’. ಅದನ್ನು 10 ಸೆಂ.ಮೀ. ಸಂಗಮದೂರದ ಮಸೂರದಿಂದ 30 ಸೆಂ.ಮೀ. ದೂರದಲ್ಲಿಡಿ. ಕೋಣೆ ಚೆನ್ನಾಗಿ ಕತ್ತಲಾಗಿರಬೇಕು; ನಾವು ಕಿಟಕಿಗೆ ಜಮಖಾನ ಕಟ್ಟಿದೆವು.

ಪರದೆಯನ್ನು ಮಸೂರದಿಂದ 10 ಸೆಂ.ಮೀ. ದೂರದಲ್ಲಿಟ್ಟರೆ ಮೂರು ಚುಕ್ಕೆ ಕಾಣುತ್ತವೆ, ಕೆಂಪು ಮೇಲೆ. ನಿಧಾನವಾಗಿ ಹಿಂದಕ್ಕೆ ಸರಿಸಿದಂತೆ ಚುಕ್ಕೆಗಳು ಹತ್ತಿರವಾಗುತ್ತ ಬಂದು 15 ಸೆಂ.ಮೀ. ಬಳಿ ಒಂದಾಗುತ್ತವೆ. ಇನ್ನೂ ಸರಿಸಿ 20ಕ್ಕೆ ಹೋದರೆ ಮತ್ತೆ ಮೂರಾಗುತ್ತವೆ, ಈಗ ಕೆಂಪು ಕೆಳಗೆ. ಕಿರಣಗಳು ಕೂಡಿ, ದಾಟಿ, ಅಡ್ಡಹಾಯ್ದು ಹೋದದ್ದು ಯಾವ ಗೆರೆಯೂ ಇಲ್ಲದೆ ಕಣ್ಣಿಗೆ ಕಂಡಿತು. ಪರದೆಯನ್ನು 15ರಲ್ಲಿ ನಿಲ್ಲಿಸಿ ಶಿಕ್ಷಕಿ ಬೆರಳಿನಿಂದ ಕೆಂಪು ತೂತನ್ನು ಮುಚ್ಚಿದರು. ಚುಕ್ಕೆ ಹೋಗಲಿಲ್ಲ. ಮಬ್ಬಾಗಿ ನೀಲಿ ಹಸಿರಿಗೆ ತಿರುಗಿತು. ಎರಡು ಮುಚ್ಚಿದರೂ ಚುಕ್ಕೆ ಅದೇ ಜಾಗದಲ್ಲಿತ್ತು. ಪ್ರತಿಬಿಂಬದ ಒಂದು ಬಿಂದುವಿಗೆ ಮಸೂರದ ಮೂರು ಕಡೆಯಿಂದ ಬೆಳಕು ಬಂದಿದೆ ಎಂದು ಬಣ್ಣವೇ ಸಾಕ್ಷಿ ಹೇಳಿತು. ತೂತು ಮೂರರ ಬದಲು ನೂರಾದರೆ? ಕಾಗದವನ್ನೇ ತೆಗೆದುಬಿಟ್ಟರೆ? ಈ ಪ್ರಶ್ನೆಗಳಿಗೆ ಮಕ್ಕಳು ತಾವೇ ಉತ್ತರ ಕೊಟ್ಟರು.

ಆಮೇಲೆ ಮೇಣದಬತ್ತಿಗೆ, ಪೋಸ್ಟ್ ಕಾರ್ಡಿಗೆ ಮರಳಿದರು. ಈ ಸಲ ಕಾರ್ಡು ಮಸೂರಕ್ಕೆ ತಾಗಿಕೊಂಡಿತ್ತು. ಇಲ್ಲೊಂದು ಸೂಕ್ಷ್ಮವಿದೆ: ಬೆಳಕು ಅರ್ಧಕ್ಕಿಳಿದರೆ ನಮ್ಮ ಕಣ್ಣಿಗೆ ಅದು ಅರ್ಧ ಎನಿಸುವುದಿಲ್ಲ, ಹಲವು ಮಕ್ಕಳು ‘ಏನೂ ಬದಲಾಗಲಿಲ್ಲ’ ಎನ್ನುತ್ತಾರೆ. ಕಾರ್ಡನ್ನು ಬೇಗಬೇಗ ಹಚ್ಚಿ ತೆಗೆದು ಮಾಡಬೇಕು, ಅಥವಾ ಮುಕ್ಕಾಲು ಭಾಗ ಮುಚ್ಚಬೇಕು. ನಂತರ ಶಿಕ್ಷಕಿ ಕಾರ್ಡನ್ನು ಮಸೂರದಿಂದ ಜ್ವಾಲೆಯ ಕಡೆಗೆ ಮೆಲ್ಲಗೆ ಸರಿಸುತ್ತ ಹೋದರು. ಮಬ್ಬು ಬರಬರುತ್ತ ಕಡಿತವಾಗಿ ಬದಲಾಯಿತು. ಹಿಂದಿನ ದಿನದ ತಪ್ಪನ್ನು ಮುಚ್ಚಿಡದೆ, “ನಿನ್ನೆ ನಾನು ಇಲ್ಲಿ ಹಿಡಿದಿದ್ದೆ, ಮಸೂರ ಮುಚ್ಚಿರಲಿಲ್ಲ, ಬತ್ತಿ ಮುಚ್ಚಿದ್ದೆ” ಎಂದರು. ವೀಕ್ಷಣಾ ಪುಸ್ತಕದಲ್ಲಿ ಆ ಸಾಲಿಗೆ ಕಲಮೇ ಇಲ್ಲ, ಅಂಚಿನಲ್ಲಿ ಬರೆದುಕೊಂಡೆ.

ಪರದೆಯ ಪ್ರಶ್ನೆ ಎರಡನೆಯ ಅವಧಿಗೆ ಹೋಯಿತು. ಸತ್ಯ ಪ್ರತಿಬಿಂಬವನ್ನು ‘ಪರದೆಯ ಮೇಲೆ ಹಿಡಿಯಬಹುದಾದದ್ದು’ ಎಂದು ವ್ಯಾಖ್ಯಾನಿಸುತ್ತೇವೆ. ಮಕ್ಕಳು ಪರದೆಯೇ ಅದನ್ನು ಮಾಡುತ್ತದೆ ಎಂದು ತಿಳಿಯುತ್ತಾರೆ. ರಟ್ಟಿನ ಬದಲು ಎಣ್ಣೆ ಹಚ್ಚಿದ ಕಾಗದ ಇಡಿ. ಪ್ರತಿಬಿಂಬ ಹಿಂದಿನಿಂದಲೂ ಕಾಣುತ್ತದೆ. ಒಂದು ಮಗು ಮಸೂರದ ನೇರಕ್ಕೆ, ಕಾಗದದಿಂದ ಒಂದು ಮೊಳ ಹಿಂದೆ ಕಣ್ಣಿಟ್ಟು ನೋಡುತ್ತಿರಲಿ. ಕಾಗದವನ್ನು ಪಕ್ಕಕ್ಕೆ ಅರ್ಧ ಎಳೆಯಿರಿ. ಅರ್ಧ ಜ್ವಾಲೆ ಕಾಗದದ ಮೇಲೆ, ಉಳಿದರ್ಧ ಗಾಳಿಯಲ್ಲಿ, ಅದೇ ಜಾಗದಲ್ಲಿ. ಪರದೆಯ ಕೆಲಸ ಬೆಳಕನ್ನು ಎಲ್ಲ ಕಡೆಗೆ ಚದುರಿಸಿ ಇಡೀ ತರಗತಿಗೆ ಕಾಣುವಂತೆ ಮಾಡುವುದಷ್ಟೆ. ಇದನ್ನು ಒಬ್ಬೊಬ್ಬರೇ ನೋಡಬೇಕಾದ್ದರಿಂದ ಸಮಯ ಹಿಡಿಯುತ್ತದೆ. ನಲವತ್ತು ಮಕ್ಕಳಿದ್ದರೆ ಎರಡು ಮೇಜು ಹೂಡಿಕೊಳ್ಳಿ. ಮೇಣದಬತ್ತಿಯ ಬದಲು ಸೂರ್ಯನ ಕಡೆ ಈ ಪ್ರಯೋಗ ಎಂದೂ ಬೇಡ, ಮಸೂರದ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗುತ್ತದೆ. ಲೇಸರ್ ತಂದವರೂ ಅದು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಬೇಕು.

ಕಿರಣಚಿತ್ರ ಎಲ್ಲಿ ಬರಬೇಕು?

ಇದನ್ನೆಲ್ಲ ಓದಿ ಕಿರಣಚಿತ್ರ ಬೇಡವೆಂದು ಹೇಳುತ್ತಿದ್ದೇನೆ ಎಂದುಕೊಳ್ಳಬಾರದು. ಅದು ಬೇಕು, ಎಲ್ಲ ಕಿರಣಗಳೂ ಒಂದೇ ಬಿಂದುವಿಗೆ ಬರುತ್ತವೆ ಎಂದು ಗೊತ್ತಾದ ಮೇಲೆ ಆ ಬಿಂದು ಎಲ್ಲಿದೆ ಎಂದು ಕಂಡುಹಿಡಿಯಲು ಎರಡು ಕಿರಣ ಸಾಕು, ಲೆಕ್ಕ ಗೊತ್ತಿರುವ ಎರಡನ್ನು ಆರಿಸಿಕೊಂಡಿದ್ದೇವೆ. ಊರಿಗೆ ಹೋಗುವ ದಾರಿಗಳು ಹತ್ತಿದ್ದರೂ ಕೇಳಿದವರಿಗೆ ನಾವು ಗುರುತು ಹೇಳಲು ಸುಲಭವಾದದ್ದನ್ನೇ ಹೇಳುತ್ತೇವೆ. ಕ್ರಮ ತಿರುಗಿಸಬೇಕು, ಅಷ್ಟೆ. ಮೊದಲು ಪ್ರತಿಬಿಂಬ, ಆಮೇಲೆ ಶಂಕು, ಕೊನೆಗೆ ಗೆರೆ. ಎರಡನೆಯ ಅವಧಿಯ ಕೊನೆಗೆ ಪ್ರಶಿಕ್ಷಣಾರ್ಥಿನಿ ಚಿತ್ರ ಬರೆದಾಗ ಮೊದಲು ಬಾಣದ ತುದಿಯಿಂದ ಮಸೂರದ ಮೇಲಂಚಿಗೂ ಕೆಳಂಚಿಗೂ ಸೀಮೆಸುಣ್ಣವನ್ನು ಅಡ್ಡ ಹಿಡಿದು ತೆಳುವಾಗಿ ಬಳಿದು, ಆ ಬಳಿದ ಪಟ್ಟಿಯ ಒಳಗೆ ಎರಡು ಕಿರಣ ಎಳೆದರು. ಬಾಣದ ಬಾಲಕ್ಕೂ ಒಂದು ಪಟ್ಟಿ ಬಳಿದರು. ಎರಡು ಪಟ್ಟಿಗಳು ಮಸೂರದ ಮೇಲೆ ಒಂದರ ಮೇಲೊಂದು ಬಿದ್ದು ಆಚೆ ಬೇರೆ ಬೇರೆ ಕಡೆ ಕೂಡಿದವು.

ಬಾಣದ ಬಗ್ಗೆಯೂ ಒಂದು ಮಾತು. ಅದು ಮೇಲು ಕೆಳಗಾದದ್ದನ್ನು ಮಾತ್ರ ತೋರಿಸುತ್ತದೆ, ಎಡ ಬಲವಾದದ್ದನ್ನು ತೋರಿಸುವುದಿಲ್ಲ. ಟಾರ್ಚಿನ ಮುಂದೆ ಬೆಣ್ಣೆಕಾಗದ ಕಟ್ಟಿ ಅದರ ಮೇಲೆ ‘ಪ’ ಅಥವಾ ‘ಲ’ ಬರೆದು ವಸ್ತುವಾಗಿ ಬಳಸಿ. ‘ಠ’ದಂಥ ಅಕ್ಷರ ಬೇಡ. ನೀರು ತುಂಬಿದ ಗಾಜಿನ ಲೋಟವನ್ನು ಪೀನ ಮಸೂರವೆಂದು ತೋರಿಸುವ ರೂಢಿಯೂ ನಮ್ಮಲ್ಲಿದೆ. ಲೋಟ ಸಿಲಿಂಡರ್ ಆದ್ದರಿಂದ ಅದು ಎಡಬಲವನ್ನು ಮಾತ್ರ ಬದಲಿಸುತ್ತದೆ, ತಲೆಕೆಳಗು ಮಾಡುವುದಿಲ್ಲ. ದುಂಡುತಳದ ಫ್ಲಾಸ್ಕಿನಲ್ಲಿ ನೀರು ತುಂಬಿದರೆ ಎರಡೂ ಆಗುತ್ತವೆ, ಅದೇ ಸರಿಯಾದ ಉಪಕರಣ. 8 ಸೆಂ.ಮೀ. ವ್ಯಾಸದ ನೀರಿನ ಗೋಳ ದೂರದ ಬೆಳಕನ್ನು ಗಾಜಿನ ಹಿಂದೆ ಸುಮಾರು 4 ಸೆಂ.ಮೀ. ದೂರದಲ್ಲಿ ಕೂಡಿಸುತ್ತದೆ.

ವಸ್ತುವಿನ ಆರು ಸ್ಥಾನಗಳ ಕೋಷ್ಟಕ, ಸಂಜ್ಞಾ ನಿಯಮ, ಸೂತ್ರ, ಇವು ಮೂರನೆಯ ಅವಧಿಗೆ ಉಳಿದವು. ‘ಪೋರ್ಷನ್ ಮುಗಿಯುವುದು ಹೇಗೆ?’ ಎಂದು ವಿಷಯ ಶಿಕ್ಷಕರು ಕೇಳಿದರು. ಕೇಳಬೇಕಾದದ್ದೇ, ಹತ್ತನೆಯ ತರಗತಿ ಅವರ ಹೊಣೆ. ಆದರೆ ಕೋಷ್ಟಕ ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ವಸ್ತುವನ್ನು ಮಸೂರದ ಹತ್ತಿರ ತಂದಷ್ಟೂ ಬಿಂದುವಿನ ಶಂಕು ಹೆಚ್ಚು ಹರಡಿಕೊಂಡು ಬರುತ್ತದೆ, ಕೂಡಿಸಲು ಮಸೂರಕ್ಕೆ ಕಷ್ಟ, ಆದ್ದರಿಂದ ಕೂಡುವ ಬಿಂದು ದೂರ ದೂರ ಹೋಗುತ್ತದೆ. ಸಂಗಮದಲ್ಲಿಟ್ಟರೆ ಕೂಡದೆ ಸಮಾಂತರವಾಗುತ್ತವೆ. ಅದಕ್ಕೂ ಹತ್ತಿರ ತಂದರೆ ಮಸೂರ ದಾಟಿದ ಮೇಲೂ ಹರಡುತ್ತಲೇ ಇರುತ್ತವೆ, ಆಗ ಕಣ್ಣಿಗೆ ಕಾಣುವುದು ಭೂತಗನ್ನಡಿಯ ದೊಡ್ಡ ನೆಟ್ಟಗಿನ ಮಿಥ್ಯ ಪ್ರತಿಬಿಂಬ. ಆರು ಸಾಲುಗಳ ಕೋಷ್ಟಕ ಒಂದೇ ಕಥೆಯಾಯಿತು. 30ಕ್ಕೆ 15, 20ಕ್ಕೆ 20, 15ಕ್ಕೆ 30 ಎಂದು ಅಳೆದು ಬರೆದ ಮೇಲೆ ಸೂತ್ರಕ್ಕೆ ಅಂಕಿಗಳೂ ಸಿದ್ಧವಿದ್ದವು.

ಮಾರ್ಗದರ್ಶಕರಾದ ನಮಗೆ ಸಂಬಂಧಿಸಿದ ಮಾತು ಒಂದು ಉಳಿದಿದೆ. ಎಷ್ಟೋ ವರ್ಷಗಳಿಂದ ನಾನು ಈ ಪಾಠಕ್ಕೆ ಕಿರಣಚಿತ್ರದ ಅಂದ ನೋಡಿ ಅಂಕ ಕೊಡುತ್ತ ಬಂದಿದ್ದೇನೆ. ಈಗ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆ ನೋಡುವಾಗ ಮೊದಲು ಅವರಿಗೇ ಅರ್ಧ ಮುಚ್ಚಿದ ಮಸೂರದ ಚಿತ್ರ ಬರೆಯಲು ಹೇಳುತ್ತೇನೆ. ಬಾಯಲ್ಲಿ ಎಲ್ಲರೂ ‘ಪೂರ್ಣ ಪ್ರತಿಬಿಂಬ, ಕಡಿಮೆ ಪ್ರಕಾಶ’ ಎನ್ನುತ್ತಾರೆ. ಪೆನ್ಸಿಲ್ ಹಿಡಿದ ಮೇಲೆ ಕೆಲವರು ನಿಲ್ಲುತ್ತಾರೆ. ನಿಂತವರ ಜೊತೆ ಪಾಠ ಶುರುವಾಗುತ್ತದೆ.

ಆ ತರಗತಿಯ ಮೂರನೆಯ ಅವಧಿ ಮುಗಿಯುವ ಹೊತ್ತಿಗೆ, ಉತ್ತರ ಅಳಿಸಿದ್ದ ಹುಡುಗಿ ಎದ್ದು ಕೇಳಿದಳು: “ಮಿಸ್, ಮೇಲೆ ಮುಚ್ಚಿದ್ವಿ, ಕೆಳಗೆ ಮುಚ್ಚಿದ್ವಿ. ನಡುವೆ ಮಾತ್ರ ಮುಚ್ಚಿದ್ರೆ?” ದೃಕ್‌ಕೇಂದ್ರದ ಕಿರಣವನ್ನೇ ತಡೆಯುವ ಪ್ರಶ್ನೆ. ಪ್ರಶಿಕ್ಷಣಾರ್ಥಿನಿ ಪರ್ಸಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಗೋಂದಿನ ಟೇಪಿನೊಂದಿಗೆ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮಸೂರದ ನಟ್ಟನಡುವೆ ಅಂಟಿಸಿದಳು. ಪರದೆಯ ಮೇಲೆ ಜ್ವಾಲೆ ಪೂರ್ತಿಯಾಗಿ, ತುಸು ಮಂಕಾಗಿ, ತಲೆಕೆಳಗಾಗಿ ಉರಿಯುತ್ತಿತ್ತು.